ಚಿಕಿತ್ಸೆ ಮುಗಿಯುವ ದಿನಾಂಕ

ಒಂದು ಫಾರ್ಮ್‌ನಲ್ಲಿದ್ದ ಒಂದೇ ಒಂದು ಕಾಲಂ ಎರಡು ವರ್ಷದಿಂದ ನನ್ನ ತಲೇಲಿ ಕೂತಿದೆ. ಅಕ್ಕನ ರಜೆಗೆ ಸಂಬಂಧಪಟ್ಟ ಫಾರ್ಮ್ ಅದು. ಹೆಸರು, ಕಾಯಿಲೆ, ಡಾಕ್ಟರ್ ಸಹಿ, ಚಿಕಿತ್ಸೆ ಶುರುವಾದ ದಿನಾಂಕ ಎಲ್ಲಾ ತುಂಬಿದ ಮೇಲೆ ಅದರ ಪಕ್ಕದಲ್ಲೇ 'ಚಿಕಿತ್ಸೆ ಮುಗಿಯುವ ದಿನಾಂಕ' ಅಂತ ಇತ್ತು. ಅಕ್ಕ ಅದನ್ನ ಹಾಗೇ ಖಾಲಿ ಬಿಟ್ಟಿದ್ಲು. ಕೌಂಟರ್‌ನಲ್ಲಿ ಕೂತಿದ್ದವರು ನೋಡಿ "ಇದೊಂದು ಬಿಟ್ಟು ಹೋಗಿದೆ ಮೇಡಂ" ಅಂತ ವಾಪಸ್ ಕೊಟ್ರು. "ಬಿಟ್ಟು ಹೋಗಿಲ್ಲ, ಅದು ಮುಗಿಯೋ ಚಿಕಿತ್ಸೆ ಅಲ್ಲ" ಅಂದ್ಲು ಅಕ್ಕ. ಅವರು ಮೃದುವಾಗೇ, "ಅಂದಾಜಿಗೆ ಒಂದು ಡೇಟ್ ಹಾಕಿ ಮೇಡಂ, ಖಾಲಿ ಇದ್ರೆ ಸಿಸ್ಟಮ್ ತಗೊಳ್ಳಲ್ಲ" ಅಂದ್ರು. ಅಕ್ಕ ಪೆನ್ ಹಿಡ್ಕೊಂಡು ಸುಮ್ನೆ ನಿಂತ್ಲು. ಹಿಂದೆ ಕ್ಯೂ ಇತ್ತು. ನಾನು ಪಕ್ಕದಲ್ಲೇ ಇದ್ದೆ, ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಕೊನೆಗೆ ಅವಳು ಮುಂದಿನ ವರ್ಷದ ಅದೇ ತಾರೀಕು ಬರೆದು ಕೊಟ್ಳು. ಹೊರಗೆ ಬಂದು ಮೆಟ್ಲ ಮೇಲೆ ಕೂತ್ಕೊಂಡು ಕೇಳಿದ್ಲು, "ಆ ಡೇಟಿಗೆ ನಾನು ಇರಲ್ಲ ಅಂತ ಬರ್ಕೊಟ್ಟ ಹಾಗಾಯ್ತಲ್ವಾ?"

ಅಕ್ಕಂಗೆ ಮೊದಲು ಸ್ತನದ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲಾ ಆಗಿ, ಕೂದಲು ವಾಪಸ್ ಬಂದು, ನಾವೆಲ್ಲ ಅದನ್ನ ಮರೆಯೋಕೆ ಕಲೀತಿದ್ವಿ. ನಾಲ್ಕು ವರ್ಷ ಆದ್ಮೇಲೆ ಬೆನ್ನು ನೋವು ಅಂದ್ಲು. ಕೂತು ಕೆಲಸ ಮಾಡಿ ಬಂದಿರೋ ನೋವು ಅಂತ ಎಲ್ರೂ ಹೇಳಿದ್ರು, ಅವಳೂ ನಂಬಿದ್ಲು, ಮೂರು ತಿಂಗಳು ಹಾಗೇ ಹೋಯ್ತು. ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಬಂದಿತ್ತು. ಈಗ ದಿನಾ ಒಂದು ಹಾರ್ಮೋನ್ ಮಾತ್ರೆ, ಮೂರು ವಾರ ತಗೊಂಡು ಒಂದು ವಾರ ಬಿಡೋ ಇನ್ನೊಂದು ಮಾತ್ರೆ, ಮೂಳೆಗೆ ಒಂದು ಇಂಜೆಕ್ಷನ್, ಮೂರು ತಿಂಗಳಿಗೊಂದು ಸ್ಕ್ಯಾನ್. ಔಷಧಿ ಕೆಲಸ ಮಾಡೋವರೆಗೂ ಇದೇ, ಕೆಲಸ ಮಾಡೋದು ನಿಲ್ಸಿದ ದಿನ ಮುಂದಿನ ಲೈನ್, ಅಂದ್ರೆ ಅದರ ಬದಲಿಗೆ ಕೊಡೋ ಮುಂದಿನ ಔಷಧಿ. ರಿಪೋರ್ಟ್‌ನಲ್ಲಿ 'ಸ್ಟೇಬಲ್' ಅಂತ ಇದ್ರೆ ಮೂರು ತಿಂಗಳು ಉಸಿರಾಡ್ತೀವಿ. ಅವಳು ಕೆಲಸಕ್ಕೆ ಹೋಗ್ತಾಳೆ, ಮಗಳ ಹೋಮ್‌ವರ್ಕ್ ನೋಡ್ತಾಳೆ, ಸುಸ್ತಾದ್ರೆ ಮಲಗ್ತಾಳೆ. ಇದು ವಾಸಿಯಾಗೋದೂ ಅಲ್ಲ, ಸಾಯೋದೂ ಅಲ್ಲ, ಇವೆರಡರ ಮಧ್ಯ ವರ್ಷಗಟ್ಟಲೆ ಬದುಕೋದು. ಆ ಮಧ್ಯದ ಜಾಗದಲ್ಲಿ ಇರೋವ್ರನ್ನ ನೋಡ್ಕೊಳ್ಳೋಕೆ ನಮ್ಮ ಆರೋಗ್ಯ ವ್ಯವಸ್ಥೆ ಇನ್ನೂ ಸರಿಯಾಗಿ ಕಲ್ತಿಲ್ಲ ಅನ್ನೋದೇ ನಾನು ಇಲ್ಲಿ ಹೇಳ್ಬೇಕಾಗಿರೋದು. ಔಷಧಿ ಸಿಗುತ್ತೋ ಇಲ್ವೋ ಅನ್ನೋದು ಅದರಲ್ಲಿ ಒಂದು ಭಾಗ ಅಷ್ಟೇ.

ಲೆಕ್ಕಕ್ಕೆ ಸಿಗದವರು

ಇದನ್ನ ಓದೋಕೆ ಶುರು ಮಾಡಿದಾಗ ನನಗೆ ಬೇಜಾರಾಗಿದ್ದು ಒಂದು ಸಣ್ಣ ವಿಷಯಕ್ಕೆ. ಎಷ್ಟು ಜನ ಹೀಗೆ ಬದುಕ್ತಿದ್ದಾರೆ ಅನ್ನೋ ಲೆಕ್ಕ ಬಹಳಷ್ಟು ಕಡೆ ಇಲ್ವೇ ಇಲ್ಲ. ಕ್ಯಾನ್ಸರ್ ಬಂದವರ ದಾಖಲೆ ಇಡೋ ರಿಜಿಸ್ಟ್ರಿಗಳು ಸಾಮಾನ್ಯವಾಗಿ ಬರ್ಕೊಳ್ಳೋದು ಮೊದಲ ಸಲ ಕಾಯಿಲೆ ಗೊತ್ತಾದಾಗ ಯಾವ ಸ್ಟೇಜ್ ಇತ್ತು ಅಂತ, ಆಮೇಲೆ ಯಾರಾದ್ರೂ ತೀರ್ಕೊಂಡ್ರೆ ಅದನ್ನ. ಮಧ್ಯದಲ್ಲಿ ಕಾಯಿಲೆ ವಾಪಸ್ ಬಂದು ಹರಡಿದ್ರೆ ಅದನ್ನ ಹಿಡಿದು ಬರ್ಕೊಳ್ಳೋ ರಿಜಿಸ್ಟ್ರಿಗಳು ಕಮ್ಮಿ. ಅಂದ್ರೆ ಎಲ್ಲೋ ಒಂದು ಕಂಪ್ಯೂಟರ್‌ನಲ್ಲಿ ಅಕ್ಕ ಇವತ್ತಿಗೂ ಎರಡನೇ ಸ್ಟೇಜ್‌ನ, ಚಿಕಿತ್ಸೆ ಮುಗಿಸಿದ ಪೇಷೆಂಟ್. ಸ್ತನದ ಕ್ಯಾನ್ಸರ್ ಬಗ್ಗೆ 2024ರಲ್ಲಿ ಬಂದ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿ ಕೂಡ ಇದನ್ನೇ ಎತ್ತಿ ಹೇಳ್ತು, ಕಾಯಿಲೆ ಹರಡಿದವರು ಎಷ್ಟು ಜನ ಅಂತಾನೇ ಸರಿಯಾಗಿ ಗೊತ್ತಿಲ್ಲ ಅಂತ. ಎಷ್ಟು ಜನ ಅಂತ ಗೊತ್ತಿಲ್ದೆ ಎಷ್ಟು ನರ್ಸ್ ಬೇಕು, ಎಷ್ಟು ಸ್ಕ್ಯಾನ್ ಸ್ಲಾಟ್ ಬೇಕು, ನೋವಿನ ಔಷಧಿ ಎಷ್ಟು ತರಿಸ್ಬೇಕು ಅಂತ ಯಾರು ಹೇಗೆ ಲೆಕ್ಕ ಹಾಕ್ತಾರೆ? ನನಗೆ ಆ ಫಾರ್ಮ್ ನೆನಪಾಯ್ತು. ಖಾಲಿ ಬಿಟ್ರೆ ಸಿಸ್ಟಮ್ ತಗೊಳ್ಳಲ್ಲ.

ಹೊಸ ಔಷಧಿಯನ್ನ ಪೇಷೆಂಟ್‌ಗಳಿಗೆ ಕೊಟ್ಟು ಪರೀಕ್ಷೆ ಮಾಡೋ ಟ್ರಯಲ್‌ಗಳಲ್ಲೂ ಹೀಗೇನೇ. ಮಿದುಳಿಗೆ ಹರಡಿದ್ರೆ ಎಷ್ಟೋ ಟ್ರಯಲ್‌ಗಳಿಗೆ ಸೇರಿಸ್ಕೊಳ್ತಿರ್ಲಿಲ್ಲ, ಆ ನಿಯಮ ಸಡಿಲ ಮಾಡಿ ಅಂತ ಅಮೆರಿಕದ ಕ್ಯಾನ್ಸರ್ ಡಾಕ್ಟರ್‌ಗಳ ಸಂಘವೇ 2017ರಲ್ಲಿ ಶಿಫಾರಸು ಮಾಡ್ಬೇಕಾಯ್ತು. ಹೊಸ ಔಷಧಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಮೈಯಲ್ಲಿ ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದೇ ಕೊನೇಗೆ ಗೊತ್ತಾಗೋದು.

ಇನ್ನೊಂದು, ಗಂಟೆ ವಿಷಯ. 1996ರಲ್ಲಿ ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೇಲಿ ಅರ್ವ್ ಲೆ ಮೊಯ್ನ್ ಅನ್ನೋ ನೌಕಾಪಡೆಯ ಅಧಿಕಾರಿ ತಮ್ಮ ರೇಡಿಯೇಷನ್ ಮುಗಿದಾಗ ಬಾರಿಸೋಕೆ ಒಂದು ಹಿತ್ತಾಳೆ ಗಂಟೆ ತಂದುಕೊಟ್ರು. ಅಲ್ಲಿಂದ ಅದು ಎಷ್ಟೋ ಆಸ್ಪತ್ರೆಗಳಿಗೆ ಹಬ್ಬಿದೆ. ಅಕ್ಕ ಮೊದಲ ಸಲ ಬಾರಿಸಿದ್ಲು, ನಾವು ವಿಡಿಯೋ ಮಾಡಿದ್ವಿ. ಈಗ ಇಂಜೆಕ್ಷನ್‌ಗೆ ಅಂತ ಅದೇ ವಾರ್ಡ್‌ನಲ್ಲಿ ಕೂತಾಗ ಯಾರೋ ಗಂಟೆ ಬಾರಿಸ್ತಾರೆ, ಎಲ್ರೂ ಚಪ್ಪಾಳೆ ತಟ್ತಾರೆ, ಅಕ್ಕಾನೂ ಮನಸಾರೆ ತಟ್ತಾಳೆ. ಗಂಟೆ ತೆಗೀಬೇಕು ಅಂತ ನಾನು ಹೇಳ್ತಿಲ್ಲ. ಆ ರೂಮಿನಲ್ಲಿ ಅದನ್ನ ಮತ್ತೆ ಯಾವತ್ತೂ ಬಾರಿಸದೇ ಇರೋರು ಎಷ್ಟೋ ಜನ ಇದ್ದಾರೆ, ಅವರಿಗೆ ಅಂತ ಅಲ್ಲಿ ಏನಿದೆ ಅಂತ ಕೇಳ್ತಿದ್ದೀನಿ ಅಷ್ಟೇ.

ಫೈಲ್ ಮುಚ್ಚಿದ ದಿನ

ಇದು ನಮ್ಮದೇ ತಪ್ಪು, ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ. ಮೂಳೆಗೆ ಬಂದಿದೆ ಅಂತ ಗೊತ್ತಾದ ಎರಡನೇ ವಾರ. ಡಾಕ್ಟರ್ ರೂಮಿನಲ್ಲಿ ಅಕ್ಕ, ಭಾವ, ನಾನು. ಡಾಕ್ಟರ್ ಔಷಧಿ ಎಲ್ಲಾ ವಿವರಿಸಿ ಆದ್ಮೇಲೆ, "ಜೊತೆಗೆ ನಮ್ಮ ಪ್ಯಾಲಿಯೇಟಿವ್ ಟೀಮ್‌ನವರನ್ನೂ ಒಂದ್ಸಲ ನೋಡ್ಬಿಡಿ" ಅಂದ್ರು. ಆ ಪದ ಕೇಳಿದ್ದೇ ತಡ, ಭಾವ ಫೈಲ್ ಮುಚ್ಚಿ ಎದ್ದು ನಿಂತ್ರು. "ಅದೆಲ್ಲ ಈಗ ಬೇಡ ಸಾರ್, ನಾವು ಫೈಟ್ ಮಾಡ್ತೀವಿ" ಅಂದ್ರು. ಅವರ ಕೈ ನಡುಗ್ತಿತ್ತು. ಅಕ್ಕ ಡಾಕ್ಟರ್ ಮುಖಾನೂ ನೋಡಿದ್ಲು, ಭಾವನ ಮುಖಾನೂ ನೋಡಿದ್ಲು, ಏನೂ ಮಾತಾಡ್ಲಿಲ್ಲ. ನಾನೂ ತಲೆ ಆಡಿಸ್ದೆ. ಡಾಕ್ಟರ್ ಒತ್ತಾಯ ಮಾಡ್ಲಿಲ್ಲ, ಹೊರಗೆ ಇನ್ನೂ ಮೂವತ್ತು ಜನ ಕಾಯ್ತಿದ್ರು. ಕಾರಿಡಾರ್‌ನಲ್ಲಿ ಭಾವ ಮೆಲ್ಲಗೆ ನನ್ನ ಹತ್ರ, "ಅದು ಕೊನೇ ಟೈಮಲ್ಲಿ ಕಳಿಸೋ ಜಾಗ ಕಣೋ" ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ.

ಆಮೇಲಿನ ಐದು ತಿಂಗಳು ಅಕ್ಕ ರಾತ್ರಿ ಸರಿಯಾಗಿ ಮಲಗ್ಲಿಲ್ಲ. ಮಗ್ಗುಲು ಬದಲಾಯಿಸೋಕೆ ಆಗ್ತಿರ್ಲಿಲ್ಲ. ಸ್ಕ್ಯಾನ್ ಚೆನ್ನಾಗಿದೆ, ಔಷಧಿ ಕೆಲಸ ಮಾಡ್ತಿದೆ, ಆದ್ರೆ ನೋವು ಹಾಗೇ ಇದೆ. ಡಾಕ್ಟರ್ ಹತ್ರ ಸಿಗೋ ಹತ್ತು ನಿಮಿಷದಲ್ಲಿ ಸ್ಕ್ಯಾನ್ ಮಾತು, ರಕ್ತದ ರಿಪೋರ್ಟ್ ಮಾತು ಮುಗಿಯೋಷ್ಟರಲ್ಲಿ ಟೈಮ್ ಆಗೋಗಿರುತ್ತೆ, "ನೋವು ಹೇಗಿದೆ?" ಅಂದ್ರೆ ಅಕ್ಕ "ಪರ್ವಾಗಿಲ್ಲ ಡಾಕ್ಟ್ರೇ" ಅಂತಿದ್ಲು. ಯಾಕೆ ಹಾಗೆ ಹೇಳ್ತಿದ್ಲು ಅಂತ ಆಮೇಲೆ ಕೇಳಿದೆ. ನೋವು ಜಾಸ್ತಿ ಅಂದ್ರೆ ಔಷಧಿ ಕೆಲಸ ಮಾಡ್ತಿಲ್ಲ ಅಂತ ತಿಳ್ಕೊಂಡು ಲೈನ್ ಚೇಂಜ್ ಮಾಡ್ಬಿಡ್ತಾರೆ, ಇರೋ ಲೈನ್‌ಗಳು ಕಮ್ಮಿ, ಒಂದನ್ನ ಕಳ್ಕೊಳ್ಳೋಕೆ ನನಗೆ ಭಯ ಅಂದ್ಲು. ಇದು ನನಗೆ ಹೊಳೆದಿರಲೇ ಇಲ್ಲ. ಮಾತ್ರೆ ಉಳಿಸ್ಕೊಳ್ಳೋಕೆ ನೋವನ್ನ ಬಚ್ಚಿಟ್ಟಿದ್ಲು.

ಕೊನೆಗೆ ಆ ಟೀಮ್ ಹತ್ರ ಹೋಗಿದ್ದು ಆಕಸ್ಮಿಕವಾಗಿ. ಇಂಜೆಕ್ಷನ್ ಹಾಕ್ತಿದ್ದ ಸಿಸ್ಟರ್ ಒಬ್ರು ಅಕ್ಕ ಕುರ್ಚಿಯಿಂದ ಏಳೋ ರೀತಿ ನೋಡಿ, ಯಾರನ್ನೂ ಕೇಳದೆ ಪಕ್ಕದ ರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿದ್ದ ನರ್ಸ್ ಫೈಲ್ ತೆಗೀಲೇ ಇಲ್ಲ. ಮೊದಲು ಕೇಳಿದ್ದು, "ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ಅಮ್ಮಾ?" ಅಂತ. ಅಕ್ಕ ಅತ್ಬಿಟ್ಲು. ಮುಕ್ಕಾಲು ಗಂಟೆ ಕೂತಿದ್ರು. ನೋವು, ನಿದ್ದೆ, ಮಲಬದ್ಧತೆ, ಮಗಳಿಗೆ ಏನು ಹೇಳಿದ್ದೀರಿ, ಮನೇಲಿ ಯಾರು ಎತ್ತಿ ಇಡ್ತಾರೆ, ಎಲ್ಲಾ ಕೇಳಿದ್ರು. ಅವತ್ತೇ ಕಮ್ಮಿ ಡೋಸ್ ಮಾರ್ಫಿನ್ ಶುರುವಾಯ್ತು, ಅದರ ಜೊತೆಗೇ ಮಲಬದ್ಧತೆಗೂ ಔಷಧಿ. ನೋವಿನ ಜಾಗಕ್ಕೆ ರೇಡಿಯೇಷನ್ ಕೊಡಬಹುದಾ ಅಂತ ಅವರೇ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದ್ರು. ನಾಲ್ಕನೇ ದಿನ ಅಕ್ಕ ಬೆಳಗ್ಗೆ ಆರು ಗಂಟೆವರೆಗೆ ನಿದ್ದೆ ಮಾಡಿದ್ಲು, ಭಾವ ಫೋನ್ ಮಾಡಿ ಅದನ್ನ ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಆಮೇಲೆ ನಾನು 'ಪ್ಯಾಲಿಯೇಟಿವ್' ಅನ್ನೋ ಆ ಪದದ ಹಿಂದೆ ಬಿದ್ದೆ. ಕಾಯಿಲೆ ಯಾವ ಹಂತದಲ್ಲಿದ್ರೂ ನೋವು, ಸಂಕಟ ಕಮ್ಮಿ ಮಾಡೋ ಆರೈಕೆ ಅಂತ ಅದರ ಅರ್ಥ. 1967ರಲ್ಲಿ ಲಂಡನ್‌ನಲ್ಲಿ ಸಿಸಿಲಿ ಸಾಂಡರ್ಸ್ ಅನ್ನೋ ಡಾಕ್ಟರ್, ಸಾವಿನ ಹತ್ರ ಇರೋರನ್ನ ನೋಡ್ಕೊಳ್ಳೋಕೆ ಅಂತ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದ್ರು. ನೋವು ಅಂದ್ರೆ ಮೈದು ಮಾತ್ರ ಅಲ್ಲ, ಮನಸ್ಸಿಂದು, ಮನೇದು, ಅರ್ಥದ್ದು ಎಲ್ಲಾ ಸೇರಿದ್ದು ಅಂತ ಮೊದಲು ಬಿಡಿಸಿ ಹೇಳಿದವರು ಅವರು. ಅದನ್ನ ನೋಡಿ ಬಂದ ಬಾಲ್ಫರ್ ಮೌಂಟ್ ಅನ್ನೋ ಡಾಕ್ಟರ್ 1970ರ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಅಂಥದ್ದೇ ವಾರ್ಡ್ ತೆರೆಯೋಕೆ ಹೊರಟಾಗ, ಅಲ್ಲಿನ ಫ್ರೆಂಚ್ ಮಾತಾಡೋರಿಗೆ 'ಹಾಸ್ಪಿಸ್' ಅಂದ್ರೆ ದಿಕ್ಕಿಲ್ಲದೋರನ್ನ ಸೇರಿಸೋ ಜಾಗ ಅನ್ನೋ ಅರ್ಥ ಇತ್ತಂತೆ. ಜನ ಹೆದರಬಾರದು ಅಂತಾನೇ ಅವರು 'ಪ್ಯಾಲಿಯೇಟಿವ್' ಅನ್ನೋ ಬೇರೆ ಪದ ಆರಿಸ್ಕೊಂಡ್ರು. ಹೆದರಿಕೆ ಕಳೀಲಿ ಅಂತ ಇಟ್ಟ ಹೆಸರು ಕೇಳಿಯೇ ನಾವು ಎದ್ದು ಬಂದಿದ್ದು.

2010ರಲ್ಲಿ ಜೆನ್ನಿಫರ್ ಟೆಮೆಲ್ ಮತ್ತು ಅವರ ಜೊತೆಗಾರರು ಬಾಸ್ಟನ್‌ನಲ್ಲಿ ಮಾಡಿದ ಒಂದು ಟ್ರಯಲ್ ಪ್ರಕಟ ಆಯ್ತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಉಳಿದ ಅರ್ಧ ಜನಕ್ಕೆ ಅದರ ಜೊತೆ ಶುರುವಿನಿಂದಲೇ ಪ್ಯಾಲಿಯೇಟಿವ್ ಟೀಮ್. ಆ ಎರಡನೇ ಗುಂಪಿನವರ ಖಿನ್ನತೆ ಕಮ್ಮಿ ಇತ್ತು, ದಿನಗಳು ಚೆನ್ನಾಗಿದ್ವು, ಕೊನೇಲಿ ಮೈ ಹಿಂಡೋ ಚಿಕಿತ್ಸೆ ಕಮ್ಮಿ ಆಯ್ತು, ಆದ್ರೂ ಅವರು ಹೆಚ್ಚು ದಿನ ಬದುಕಿದ್ರು. ಮೀಡಿಯನ್ ಲೆಕ್ಕದಲ್ಲಿ, ಅಂದ್ರೆ ಗುಂಪಿನ ಅರ್ಧ ಜನ ದಾಟಿ ಬದುಕಿದ ಅವಧಿ ನೋಡಿದ್ರೆ, 8.9 ತಿಂಗಳ ಬದಲು 11.6 ತಿಂಗಳು. ಎಲ್ಲಾ ಕ್ಯಾನ್ಸರ್‌ಗೂ ಇದೇ ಲೆಕ್ಕ ಅಂತ ಹೇಳೋಕಾಗಲ್ಲ, ಆದ್ರೆ ಆ ಟೀಮ್ ಹತ್ರ ಹೋದ್ರೆ ಬೇಗ ಸಾಯ್ತಾರೆ ಅನ್ನೋ ಭಯಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಬೇಕಿಲ್ಲ. ಭಾವಂಗೆ ನಾನು ಇದನ್ನ ತೋರಿಸ್ದೆ. ಓದಿ, ತುಂಬಾ ಹೊತ್ತಾದ್ಮೇಲೆ, "ಐದು ತಿಂಗಳು ಕಣೋ" ಅಂದ್ರು.

ಯಾರಿಗೆ ಫೋನ್ ಮಾಡೋದು

ಆ ನರ್ಸ್ ಅವತ್ತು ಒಂದು ಕಾರ್ಡ್ ಕೊಟ್ರು. ಒಂದು ಕಡೆ ಫೋನ್ ನಂಬರ್. ಇನ್ನೊಂದು ಕಡೆ, ಯಾವಾಗ ತಡ ಮಾಡಬಾರದು ಅಂತ. ಬೆನ್ನುಮೂಳೆಗೆ ಹರಡಿದವರಿಗೆ ಹೊಸದಾಗಿ ಬೆನ್ನು ನೋವು ಜಾಸ್ತಿ ಆಗಿ ಕಾಲು ಸೋತ್ರೆ, ಮರಗಟ್ಟಿದ್ರೆ, ಎದೆ ಸುತ್ತ ಬಿಗಿದ ಹಾಗೆ ನೋವು ಬಂದ್ರೆ, ಮೂತ್ರ ಕಟ್ಟಿದ್ರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಹೋಗ್ಬೇಕು. ಬೆನ್ನುಹುರಿ ಮೇಲೆ ಒತ್ತಡ ಬಿದ್ದಿರಬಹುದು, ನಡೀತಾ ಇರುವಾಗಲೇ ಚಿಕಿತ್ಸೆ ಸಿಕ್ರೆ ನಡಿಗೆ ಉಳಿಯೋ ಸಾಧ್ಯತೆ ಜಾಸ್ತಿ, ನಡಿಗೆ ಹೋದ್ಮೇಲೆ ವಾಪಸ್ ತರೋದು ಕಷ್ಟ. ಈ ನಾಲ್ಕು ಸಾಲು ನಮಗೆ ಐದು ತಿಂಗಳು ಗೊತ್ತೇ ಇರ್ಲಿಲ್ಲ. ಯಾರೂ ಬೇಕು ಅಂತ ಮುಚ್ಚಿಟ್ಟಿದ್ದಲ್ಲ, ಹೇಳೋದು ಯಾರ ಕೆಲಸಾನೂ ಆಗಿರ್ಲಿಲ್ಲ. ಇದನ್ನ ಓದ್ತಿರೋ ನಿಮ್ಮ ಮನೇಲಿ ಯಾರಿಗಾದ್ರೂ ಮೂಳೆಗೆ ಬಂದಿದ್ರೆ, ದಯವಿಟ್ಟು ಇವತ್ತೇ ಡಾಕ್ಟರ್ ಹತ್ರ ಕೇಳಿ ಇಟ್ಕೊಳ್ಳಿ, ರಾತ್ರಿ ಹೊತ್ತು ಯಾವ ನಂಬರ್‌ಗೆ ಮಾಡ್ಬೇಕು ಅಂತಾನೂ ಕೇಳಿ.

ಫೋನ್ ನಂಬರ್ ಅಂದ್ರೆ ಸಣ್ಣ ವಿಷಯ ಅನ್ಸುತ್ತೆ. ನ್ಯೂಯಾರ್ಕ್‌ನಲ್ಲಿ ಈಥನ್ ಬ್ಯಾಶ್ ಅನ್ನೋ ಡಾಕ್ಟರ್ ಮತ್ತು ಜೊತೆಯವರು, ಕ್ಯಾನ್ಸರ್ ಹರಡಿದ್ದ 766 ಜನರ ಮೇಲೆ ಒಂದು ಅಧ್ಯಯನ ಮಾಡಿದ್ರು. ಒಂದು ಗುಂಪಿನವರು ವಾಕರಿಕೆ, ನೋವು, ಉಸಿರಾಟ, ಸುಸ್ತು, ಇಂಥ 12 ತೊಂದರೆಗಳನ್ನ ಕಂಪ್ಯೂಟರ್‌ನಲ್ಲಿ ತಾವೇ ನಮೂದಿಸ್ತಿದ್ರು, ಜಾಸ್ತಿ ಆಗಿದ್ರೆ ನರ್ಸ್‌ಗೆ ಇಮೇಲ್ ಹೋಗ್ತಿತ್ತು, ನರ್ಸ್ ನೋಡಿ ಏನು ಬೇಕೋ ಮಾಡ್ತಿದ್ರು. ಅಷ್ಟೇ. 2017ರಲ್ಲಿ ಬಂದ ಫಲಿತಾಂಶದಲ್ಲಿ ಅವರ ಮೀಡಿಯನ್ ಬದುಕು 31.2 ತಿಂಗಳು, ಮಾಮೂಲಿ ರೀತಿ ನೋಡ್ಕೊಂಡವರದ್ದು 26. ಐದು ತಿಂಗಳ ಅಂತರ. ಒಂದು ಹೊಸ ಔಷಧಿ ಇಷ್ಟು ಮಾಡಿದ್ರೆ ಎಲ್ಲಾ ಪೇಪರ್‌ನಲ್ಲೂ ಬರ್ತಿತ್ತು. ಇಲ್ಲಿ ಇದ್ದದ್ದು ಕೇಳೋ ಕಿವಿ, ಮತ್ತೆ ಕೇಳಿದ್ಮೇಲೆ ಎದ್ದು ಏನಾದ್ರೂ ಮಾಡೋಕೆ ಒಬ್ಬ ನರ್ಸ್‌ಗೆ ಇದ್ದ ಟೈಮ್.

ಟೈಮ್ ಅಂದಾಗ ಇನ್ನೊಂದು ಹೇಳ್ಬೇಕು. ಹೋಗಿ ಬರೋದೇ ಒಂದು ಕಾಯಿಲೆ ಆಗ್ಬಿಡುತ್ತೆ. ರಕ್ತ ಕೊಡೋಕೆ ಒಂದು ದಿನ, ರಿಪೋರ್ಟ್‌ಗೆ ಒಂದು ದಿನ, ಡಾಕ್ಟರ್‌ಗೆ ಒಂದು ದಿನ, ಸಹಿಗೆ ಒಂದು ದಿನ. 2022ರಲ್ಲಿ ಕೆಲವು ಕ್ಯಾನ್ಸರ್ ಡಾಕ್ಟರ್‌ಗಳೇ ಸೇರಿ ಇದಕ್ಕೆ 'ಟೈಮ್ ಟಾಕ್ಸಿಸಿಟಿ' ಅಂತ ಹೆಸರು ಕೊಟ್ರು, ಔಷಧಿ ಮೈಗೆ ವಿಷ ಆಗೋ ಹಾಗೆ ಚಿಕಿತ್ಸೆಗೆ ಹೋಗೋ ಸಮಯವೂ ಬದುಕನ್ನ ತಿನ್ನುತ್ತೆ, ಅದನ್ನೂ ಅಳೆದು ಪೇಷೆಂಟ್‌ಗೆ ಹೇಳ್ಬೇಕು ಅಂತ. ಅಕ್ಕನ ಸೊಂಟಕ್ಕೆ ರೇಡಿಯೇಷನ್ ಅಂದಾಗ ನಾವು ಹತ್ತು ದಿನ ಅಂದ್ಕೊಂಡು ಭಾವನ ರಜೆ ಲೆಕ್ಕ ಹಾಕಿದ್ವಿ. ರೇಡಿಯೇಷನ್ ಡಾಕ್ಟರ್ "ನಿಮಗೆ ಒಂದೇ ಸಲ ಸಾಕು" ಅಂದ್ರು. ಮೂಳೆ ನೋವಿಗೆ 8 ಗ್ರೇ (ರೇಡಿಯೇಷನ್ ಅಳತೆ ಅದು) ಒಂದೇ ಸಲ ಕೊಟ್ರೂ, ಸಣ್ಣ ಸಣ್ಣ ಡೋಸ್‌ನಲ್ಲಿ ಹತ್ತು ಸಲ ಕೊಟ್ರೂ ನೋವು ಕಮ್ಮಿ ಆಗೋದು ಹೆಚ್ಚುಕಮ್ಮಿ ಒಂದೇ ಅಂತ ಎಷ್ಟೋ ಟ್ರಯಲ್‌ಗಳಲ್ಲಿ ಗೊತ್ತಾಗಿದೆ. ಒಂದೇ ಸಲದ್ದರಲ್ಲಿ ಮುಂದೆ ಮತ್ತೆ ಕೊಡ್ಬೇಕಾಗಿ ಬರೋದು ಜಾಸ್ತಿ, ಅದನ್ನೂ ಅವರು ಹೇಳಿದ್ರು. ಅಕ್ಕ ಒಂದು ಸೆಕೆಂಡೂ ಯೋಚ್ನೆ ಮಾಡ್ಲಿಲ್ಲ. ಉಳಿದ ಒಂಬತ್ತು ದಿನ ಅವಳದ್ದೇ ಆಯ್ತು.

ಪಟ್ಟಿಯಲ್ಲಿ ಇರೋದು, ಕೈಗೆ ಬರೋದು

ಔಷಧಿ ವಿಷಯ ಬಿಟ್ಟೆ ಅನ್ಕೋಬೇಡಿ. ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧಿ ಹರಡಿದ ಸ್ತನದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದ್ದು 1998ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿದ್ದು 2015ರಲ್ಲಿ. ಮಧ್ಯ ಹದಿನೇಳು ವರ್ಷ. ಪಟ್ಟಿಗೆ ಸೇರಿದ ಮೇಲೂ ಅದು ಪೇಷೆಂಟ್ ಕೈಗೆ ಬರೋಕೆ ಇನ್ನೂ ಎಷ್ಟೋ ಮೆಟ್ಟಿಲು, ಸರ್ಕಾರ ಕೊಳ್ಳಬೇಕು, ಆಸ್ಪತ್ರೇಲಿ ಇರ್ಬೇಕು, ಅದು ಯಾರಿಗೆ ಕೆಲಸ ಮಾಡುತ್ತೆ ಅಂತ ಹೇಳೋ ಟೆಸ್ಟ್ ಹತ್ರದಲ್ಲಿ ಆಗ್ಬೇಕು. ಹರಡಿದ ಜಾಗದ ಗೆಡ್ಡೆಯ ಗುಣ ಮೊದಲಿನದಕ್ಕಿಂತ ಬದಲಾಗಿರಬಹುದು, ಅದಕ್ಕೇ ಆದಷ್ಟೂ ಮತ್ತೆ ಬಯಾಪ್ಸಿ ಮಾಡಿ ನೋಡ್ಬೇಕು ಅಂತಾರೆ. ಆ ಟೆಸ್ಟೇ ಇಲ್ಲದ ಕಡೆ ಔಷಧಿ ಇದ್ದೂ ಇಲ್ಲದ ಹಾಗೆ.

ಆದ್ರೆ ನನ್ನನ್ನ ನಿದ್ದೆಗೆಡಿಸಿದ್ದು ದುಬಾರಿ ಔಷಧಿ ಅಲ್ಲ, ಮಾರ್ಫಿನ್. ಅದಕ್ಕೆ ಪೇಟೆಂಟ್ ಇಲ್ಲ, ಮಾಡೋದು ಕಷ್ಟ ಅಲ್ಲ, ಕ್ಯಾನ್ಸರ್ ನೋವಿಗೆ ಬಾಯಿ ಮೂಲಕ, ಗಡಿಯಾರ ನೋಡ್ಕೊಂಡು ಹೊತ್ತು ಹೊತ್ತಿಗೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಮಾದಕ ದ್ರವ್ಯಗಳ ಬಗ್ಗೆ ದೇಶಗಳೆಲ್ಲ ಸೇರಿ ಮಾಡ್ಕೊಂಡ 1961ರ ಒಪ್ಪಂದದ ಶುರುವಿನಲ್ಲೇ, ನೋವು ಕಮ್ಮಿ ಮಾಡೋಕೆ ಇವು ಬೇಕೇ ಬೇಕು ಅಂತ ಇದೆ. ಆದ್ರೂ 2017ರ ಇನ್ನೊಂದು ಲ್ಯಾನ್ಸೆಟ್ ಆಯೋಗದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆ ಆಗ್ತಿದ್ದ, ಮಾರ್ಫಿನ್ ಲೆಕ್ಕಕ್ಕೆ ತಂದ ಸುಮಾರು 298.5 ಟನ್ ಇಂಥ ನೋವಿನ ಔಷಧಿಯಲ್ಲಿ ಬಡ ದೇಶಗಳಿಗೆ ಹೋಗಿದ್ದು 0.1 ಟನ್. ಈ ಅಂಕಿ ಓದಿದ ರಾತ್ರಿ ನನಗೆ ಅಕ್ಕನ ಐದು ತಿಂಗಳೇ ಕಣ್ಮುಂದೆ ಬಂತು. ಅವಳಿಗೆ ಔಷಧಿ ಪಕ್ಕದ ರೂಮಿನಲ್ಲೇ ಇತ್ತು, ನಾವು ಬಾಗಿಲು ತಟ್ಟಿರ್ಲಿಲ್ಲ ಅಷ್ಟೇ. ತಟ್ಟೋಕೆ ಬಾಗಿಲೇ ಇಲ್ಲದ ಕಡೆ ಇರೋರು ರಾತ್ರಿ ಹೇಗೆ ಕಳೀತಾರೆ? ಚಟ ಹತ್ತುತ್ತೆ ಅನ್ನೋ ಹೆದರಿಕೆ, ಕೊಡೋಕೆ ಡಾಕ್ಟರ್‌ಗೆ ತರಬೇತಿ ಇಲ್ಲ, ಇಡೋಕೆ ಅಂಗಡಿಯವರಿಗೆ ಲೈಸೆನ್ಸ್ ಗೋಜಲು, ಇವೆಲ್ಲ ಸೇರಿ ಒಬ್ಬ ಮನುಷ್ಯ ಮೂಳೆ ನೋವಿನಲ್ಲಿ ಕಿರುಚ್ತಾ ಇರೋದನ್ನ ಮಾಮೂಲಿ ಮಾಡ್ಬಿಟ್ಟಿವೆ. ಇದನ್ನ ನಾನು ಒಪ್ಪಲ್ಲ.

ಭರವಸೆ ಕೊಟ್ಟ ಒಂದು ವಿಷಯಾನೂ ಬರೀತೀನಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರ್‌ಗಳು, ತಲೆ ಮತ್ತು ಕತ್ತಿನ ಕ್ಯಾನ್ಸರ್ ಗುಣ ಆಗೋ ಹಂತ ದಾಟಿದವರಿಗೆ ನಿವೊಲುಮ್ಯಾಬ್ ಅನ್ನೋ ಇಮ್ಯುನೋಥೆರಪಿಯನ್ನ (ಮೈಯ ರೋಗ ನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡೋ ಔಷಧಿ) ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದ್ರು. ಮಾಮೂಲಿ ಡೋಸ್ ಎರಡು ವಾರಕ್ಕೆ 240. ಇದ್ದ ಮಾತ್ರೆಗಳ ಜೊತೆ ಈ ಸಣ್ಣ ಡೋಸ್ ಸೇರಿಸಿದಾಗ ಒಂದು ವರ್ಷ ದಾಟಿ ಬದುಕಿದವರು 16.3 ಪರ್ಸೆಂಟ್‌ನಿಂದ 43.4ಕ್ಕೆ ಏರಿದ್ರು. 2022ರಲ್ಲಿ ಪ್ರಕಟ ಆಯ್ತು. ಪೂರ್ತಿ ಡೋಸ್ ಸಿಕ್ಕೋ ದಿನಕ್ಕೆ ಕಾಯ್ತಾ ಕೂರದೆ, ಎಷ್ಟು ಕಮ್ಮಿ ಕೊಟ್ರೆ ಕೆಲಸ ಆಗುತ್ತೆ ಅಂತ ಕೇಳಿದ್ದಾರಲ್ಲ, ಆ ಪ್ರಶ್ನೆ ಕೇಳೋರು ಎಲ್ಲಾ ಔಷಧಿಗೂ ಬೇಕು.

ಈ ವರ್ಷದ ಫಾರ್ಮ್

ಅಕ್ಕ ಅವತ್ತು ಬರೆದುಕೊಟ್ಟ ಡೇಟ್ ಬಂತು, ಹೋಯ್ತು. ಅವತ್ತು ಬೆಳಗ್ಗೆ ಎದ್ದಾಗ ಮೊದಲು ಅದೇ ನೆನಪಾಯ್ತಂತೆ, ಯಾರಿಗೂ ಹೇಳ್ದೆ ಆಫೀಸಿಗೆ ಹೋಗಿ ಬಂದ್ಲಂತೆ. ಸಂಜೆ ನನಗೆ ಫೋನ್ ಮಾಡಿ "ಇವತ್ತು ನನ್ನ ಚಿಕಿತ್ಸೆ ಮುಗಿಯೋ ದಿನ ಆಗಿತ್ತು ಕಣೋ" ಅಂದ್ಲು. ಇಬ್ರೂ ಸ್ವಲ್ಪ ಹೊತ್ತು ಫೋನ್ ಹಿಡ್ಕೊಂಡು ಸುಮ್ನಿದ್ವಿ.

ಹೋದ ವಾರ ಹೊಸ ಫಾರ್ಮ್ ಬಂದಿದೆ. ಅದೇ ಕಾಲಂ. ಮೊನ್ನೆ ಮನೆಗೆ ಹೋದಾಗ ಟೇಬಲ್ ಮೇಲೆ ಇಟ್ಕೊಂಡು ಕೂತಿದ್ಲು. ನಾನು "ಮತ್ತೆ ಮುಂದಿನ ವರ್ಷದ್ದು ಹಾಕ್ಬಿಡು ಅಕ್ಕ" ಅಂದೆ. ಬೇಡ ಅಂದ್ಲು. ಆ ಸಣ್ಣ ಜಾಗದಲ್ಲಿ ಹಿಡಿಯೋ ಹಾಗೆ ಪುಟ್ಟ ಅಕ್ಷರದಲ್ಲಿ 'ಮುಂದುವರಿದಿದೆ' ಅಂತ ಬರೆದು, ಕೆಳಗೆ ಸಹಿ ಹಾಕಿ, ಡಾಕ್ಟರ್ ಹತ್ರಾನೂ ಅದರ ಪಕ್ಕ ಸಹಿ ಹಾಕಿಸ್ಕೊಂಡು ಬಂದು ಕೊಟ್ಟಿದ್ದಾಳೆ. ಕೌಂಟರ್‌ನಿಂದ ಇನ್ನೂ ಏನೂ ಹೇಳಿಲ್ಲ.